ಹಾರ್ವೆ ವೈಲಿ: ಪೊಟ್ಟಣದ ಮೇಲಿನ ಮಾತನ್ನು ಪರೀಕ್ಷೆಗೆ ಒಡ್ಡಿದ ಮಾಸ್ತರರು

ವಿಜ್ಞಾನಿಗಳ ಜೀವನಕಥೆ ಹೇಳಿ ಪಾಠ ಆರಂಭಿಸಬೇಕೆಂದರೆ ನಮ್ಮ ಪ್ರಶಿಕ್ಷಣಾರ್ಥಿಗಳು ನ್ಯೂಟನ್, ಎಡಿಸನ್, ಸಿ. ವಿ. ರಾಮನ್ ಈ ಮೂವರನ್ನು ಬಿಟ್ಟು ಹೊರಗೆ ಬರುವುದು ಕಡಿಮೆ. ಮೂವರೂ ದೊಡ್ಡವರೇ. ಆದರೆ ಅಂಗಡಿಯಿಂದ ತಂದ ಪೊಟ್ಟಣವನ್ನು ಕೈಯಲ್ಲಿ ಹಿಡಿದ ಹುಡುಗಿಗೆ ಇದರ ಮೇಲೆ ಬರೆದದ್ದು ನಿಜವೇ ಎಂಬ ಸಂಶಯ ಬಂದಾಗ ಆ ಮೂವರ ಕಥೆ ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಆ ಸಂಶಯದ ಬೆನ್ನು ಹತ್ತಿ ಜೀವಮಾನವನ್ನೇ ಸವೆಸಿದ ಒಬ್ಬ ರಸಾಯನಶಾಸ್ತ್ರಜ್ಞರಿದ್ದರು. ಅಮೆರಿಕದ ಹಾರ್ವೆ ವಾಷಿಂಗ್ಟನ್ ವೈಲಿ. ಅವರ ದೇಶದಲ್ಲಿ ಆಹಾರ ಮತ್ತು ಔಷಧಗಳ ಮೊದಲ ದೊಡ್ಡ ಕಾನೂನನ್ನು ಜನ ಅವರ ಹೆಸರಿನಿಂದಲೇ ಕರೆಯುತ್ತಿದ್ದರು. ಅವರ ಜೀವನವನ್ನು ಬೋಧನಾಭ್ಯಾಸಕ್ಕೆ ಒದಗುವ ಹಾಗೆ ಇಲ್ಲಿ ಹೇಳುತ್ತೇನೆ. ಅವರು ಗೆದ್ದದ್ದಷ್ಟೇ ಅಲ್ಲ, ಎಡವಿದ್ದೂ ಇದರಲ್ಲಿದೆ. ಪಾಠಕ್ಕೆ ಎಡವಿದ್ದೇ ಹೆಚ್ಚು ಬೇಕಾಗುತ್ತದೆ.

ಇದನ್ನು ಬರೆಯಲು ಕಾರಣವಾದದ್ದು ಮರೋಳದ ಶಾಲೆಯಲ್ಲಿ ನಾನು ವೀಕ್ಷಿಸಿದ ಆಹಾರ ಮತ್ತು ಆರೋಗ್ಯದ ಪಾಠ. ಮಕ್ಕಳಿಗೆ ಮನೆಯಿಂದ ಖಾಲಿ ಪೊಟ್ಟಣ, ಡಬ್ಬಿ ತರಲು ಹೇಳಲಾಗಿತ್ತು. ಬೋಧನೋಪಕರಣಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೇಜಿನ ಮೇಲೆ ಬಂದು ಕೂತವು: ಹಾಲಿಗೆ ಹಾಕುವ ಪುಡಿಯ ಡಬ್ಬಿ, ಕೂಸುಗಳ ಟಾನಿಕ್ ಬಾಟಲಿ, ತಲೆಗೂದಲ ಎಣ್ಣೆ, ಹಲ್ಲಿನ ಪೇಸ್ಟು, ಗ್ಲೂಕೋಸ್ ಪೊಟ್ಟಣ. ಒಬ್ಬ ಹುಡುಗಿ ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕೀಳುತ್ತದೆ ಎಂದು ಬರೆದಿದ್ದ ಒಂದು ಹಸಿರು ಪುಡಿಯ ಚೀಲವನ್ನೂ ತಂದಿದ್ದಳು. ಸಂತೆಯಲ್ಲಿ ಕೊಂಡದ್ದು. ಅದು ಸಿಕ್ಕ ಮೇಲೆ ಅವಳ ಅಜ್ಜಿ ದವಾಖಾನೆಯ ಗುಳಿಗೆ ಬಿಟ್ಟು ಎರಡು ತಿಂಗಳಾಗಿತ್ತು. ಪ್ರಶಿಕ್ಷಣಾರ್ಥಿ ಶ್ರದ್ಧೆಯಿಂದಲೇ ಒಂದೊಂದು ಪೊಟ್ಟಣ ಎತ್ತಿ, ಮೇಲೆ ಬರೆದದ್ದನ್ನು ಓದಿಸಿ, ಉಪಯೋಗಗಳು ಎಂಬ ತಲೆಬರಹದ ಕೆಳಗೆ ಹಲಗೆಯ ಮೇಲೆ ಬರೆಯುತ್ತ ಹೋದರು. ಎತ್ತರ ಬೆಳೆಯುತ್ತದೆ, ನೆನಪಿನ ಶಕ್ತಿ ಹೆಚ್ಚುತ್ತದೆ, ರೋಗನಿರೋಧಕ ಶಕ್ತಿ ಬರುತ್ತದೆ. ಮಕ್ಕಳು ಅದನ್ನೇ ವಹಿಯಲ್ಲಿ ಬರೆದುಕೊಂಡರು. ಮಾರುವವರ ಮಾತು ಹಲಗೆಗೆ ಬಂದು, ಹಲಗೆಯಿಂದ ವಹಿಗೆ ಇಳಿದು, ಪಾಠದ ಮಾತಾಗಿಬಿಟ್ಟಿತು. ಪ್ರಶಿಕ್ಷಣಾರ್ಥಿಯನ್ನು ದೂರಿ ಪ್ರಯೋಜನವಿಲ್ಲ. ಅಚ್ಚಾದದ್ದನ್ನೆಲ್ಲ ನಂಬು ಎಂದು ಕಲಿಸಿದ್ದೂ ಶಾಲೆಯೇ ಅಲ್ಲವೇ?

ಈಗ ವೈಲಿಯವರ ವಿಷಯ.

ಅವರು ಹುಟ್ಟಿದ್ದು 1844ರ ಅಕ್ಟೋಬರ್ 18ರಂದು, ಇಂಡಿಯಾನ ರಾಜ್ಯದ ಕೆಂಟ್ ಎಂಬ ಹಳ್ಳಿಯ ಹತ್ತಿರ, ಮರದ ದಿಮ್ಮಿಗಳಿಂದ ಕಟ್ಟಿದ ಒಕ್ಕಲು ಮನೆಯಲ್ಲಿ. ಏಳು ಮಕ್ಕಳಲ್ಲಿ ಆರನೆಯವರು. ತಂದೆ ರೈತ, ಜೊತೆಗೆ ಧರ್ಮೋಪದೇಶಕ. ಗುಲಾಮರನ್ನು ದುಡಿಸಿಕೊಳ್ಳುವುದು ಪಾಪವೆಂದು ನಂಬಿ, ಓಡಿ ಬಂದವರಿಗೆ ಆಸರೆ ಕೊಡುತ್ತಿದ್ದ ಗುಂಪಿಗೆ ಸೇರಿದವರು. ಹುಡುಗ ಹೊಲದ ಕೆಲಸ ಮಾಡುತ್ತಲೇ ಓದಿದ. 1864ರಲ್ಲಿ ಅಂತರ್ಯುದ್ಧದ ಸೈನ್ಯದಲ್ಲಿ ಕೆಲವು ತಿಂಗಳು ಇದ್ದು, ಹ್ಯಾನೋವರ್ ಕಾಲೇಜಿನಿಂದ 1867ರಲ್ಲಿ ಪದವಿ ಪಡೆದ. ಮುಂದೆ ವೈಲಿ ಲ್ಯಾಟಿನ್, ಗ್ರೀಕ್ ಕಲಿಸುವ ಮಾಸ್ತರರಾದರು. ಕಲಿಸುತ್ತಲೇ 1871ರಲ್ಲಿ ವೈದ್ಯಕೀಯ ಪದವಿ, 1873ರಲ್ಲಿ ಹಾರ್ವರ್ಡ್‌ನಲ್ಲಿ ವಿಜ್ಞಾನದ ಪದವಿ ಮುಗಿಸಿದರು. ವೈದ್ಯ ವೃತ್ತಿಯನ್ನು ಮಾತ್ರ ಹಿಡಿಯಲಿಲ್ಲ. 1874ರಲ್ಲಿ ಹೊಸದಾಗಿ ಬಾಗಿಲು ತೆರೆದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಪುಸ್ತಕ ಓದಿಸಿ ರಸಾಯನಶಾಸ್ತ್ರ ಕಲಿಸುವ ಕಾಲದಲ್ಲಿ ವಿದ್ಯಾರ್ಥಿಯ ಕೈಗೆ ಪ್ರನಾಳ ಕೊಟ್ಟವರು ಅವರು.

ಶಿಕ್ಷಕರಿಗೆ ಹಿಡಿಸುವ ಒಂದು ಸಂಗತಿ ಇಲ್ಲಿದೆ. ವೈಲಿಯವರು ವಿದ್ಯಾರ್ಥಿಗಳ ಜೊತೆ ಬೇಸ್‌ಬಾಲ್ ಆಡುತ್ತಿದ್ದರು. ದೊಡ್ಡ ಮುಂದಿನ ಗಾಲಿಯ ಆ ಕಾಲದ ಸೈಕಲ್ ಏರಿ, ಮೊಣಕಾಲಿನವರೆಗಿನ ಚಡ್ಡಿ ತೊಟ್ಟು ಊರ ಬೀದಿಯಲ್ಲಿ ಬರುತ್ತಿದ್ದರು. ಪ್ರಾಧ್ಯಾಪಕನಿಗೆ ಇದು ಶೋಭೆಯಲ್ಲ ಎಂದು ಆಡಳಿತ ಮಂಡಳಿ ಅವರನ್ನು ಕರೆಸಿ ಛೀಮಾರಿ ಹಾಕಿತು. ಅವರು ಅಲ್ಲಿಯೇ ಕೂತು ರಾಜೀನಾಮೆ ಬರೆದುಕೊಟ್ಟರು. ಮಂಡಳಿಯವರು ಅದನ್ನು ಸ್ವೀಕರಿಸಲಿಲ್ಲ.

1878ರಲ್ಲಿ ಜರ್ಮನಿಗೆ ಹೋದದ್ದು ಅವರ ಬದುಕಿನ ದಿಕ್ಕು ಬದಲಿಸಿತು. ಅಲ್ಲಿ ಆಹಾರ ಪರೀಕ್ಷೆಗೆ ಸರಕಾರದ್ದೇ ಪ್ರಯೋಗಾಲಯವಿತ್ತು. ಸಕ್ಕರೆ ದ್ರಾವಣದ ಮೂಲಕ ಬೆಳಕನ್ನು ಹಾಯಿಸಿ ಅದು ಎಷ್ಟು ತಿರುಗುತ್ತದೆ ಎಂದು ಅಳೆದು, ಯಾವ ಜಾತಿಯ ಸಕ್ಕರೆ ಎಂದು ಹೇಳುವ ಪೋಲಾರಿಮೀಟರ್ ಉಪಕರಣದಲ್ಲಿ ಅವರು ಕೈ ಪಳಗಿಸಿಕೊಂಡರು. ಮರಳಿ ಬಂದ ಮೇಲೆ ಇಂಡಿಯಾನದ ಆರೋಗ್ಯ ಮಂಡಳಿ ಅಂಗಡಿಗಳಲ್ಲಿ ಮಾರುವ ಜೇನು, ಪಾಕಗಳನ್ನು ಪರೀಕ್ಷಿಸಲು ಕೇಳಿತು. ಜೇನು ಎಂದು ಬರೆದ ಬಾಟಲಿಗಳಲ್ಲಿ, ಮೇಪಲ್ ಮರದ ಪಾಕ ಎಂದು ಬರೆದ ಬಾಟಲಿಗಳಲ್ಲಿ ಮುಸುಕಿನ ಜೋಳದಿಂದ ತೆಗೆದ ಗ್ಲೂಕೋಸ್ ಪಾಕ ಸಿಕ್ಕಿತು. ಗ್ಲೂಕೋಸ್ ವಿಷವೆಂದು ವೈಲಿ ಎಂದೂ ಹೇಳಲಿಲ್ಲ. ಗ್ಲೂಕೋಸನ್ನು ಗ್ಲೂಕೋಸ್ ಎಂದೇ ಮಾರಿ, ಜೇನಿನ ಬೆಲೆಗೆ ಮಾರಬೇಡಿ ಎಂಬುದಷ್ಟೇ ಅವರ ವಾದ. ಒಳಗೆ ಏನಿದೆ ಎಂಬ ಪ್ರಶ್ನೆ ಬೇರೆ, ಒಳಗಿರುವುದು ದೇಹಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆ ಬೇರೆ. ಮೊದಲನೆಯದನ್ನು ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನದಲ್ಲಿ ತೀರ್ಮಾನಿಸಬಹುದು. ಎರಡನೆಯದು ಅವರ ಉಳಿದ ಆಯುಷ್ಯವನ್ನೇ ತಿಂದಿತು.

1883ರಲ್ಲಿ ಅವರು ವಾಷಿಂಗ್ಟನ್‌ನಲ್ಲಿ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞರಾದರು. 29 ವರ್ಷ ಆ ಕುರ್ಚಿಯಲ್ಲಿದ್ದರು. 1887ರಿಂದ ಅವರ ವಿಭಾಗ ಹಾಲು, ಬೆಣ್ಣೆ, ಮಸಾಲೆ, ಕಾಫಿ ಪುಡಿ, ಡಬ್ಬಿಯ ತರಕಾರಿ ಎಂದು ಒಂದೊಂದನ್ನೇ ಪರೀಕ್ಷಿಸಿ ವರದಿ ಹೊರಡಿಸುತ್ತ ಬಂತು. ಸಂಸತ್ತಿಗೆ ಮಸೂದೆಗಳು ಬರುತ್ತಿದ್ದವು, ಬಿದ್ದುಹೋಗುತ್ತಿದ್ದವು. ಇಪ್ಪತ್ತೈದು ವರ್ಷಗಳಲ್ಲಿ ಸುಮಾರು ನೂರು ಮಸೂದೆ ಹೀಗೆ ಸತ್ತವು ಎಂದರೆ ಎದುರಿಗೆ ನಿಂತವರ ಬಲ ಎಷ್ಟಿತ್ತೆಂದು ತಿಳಿಯಬಹುದು.

ಅವರನ್ನು ಮನೆಮಾತಾಗಿಸಿದ ಪ್ರಯೋಗ ಶುರುವಾದದ್ದು 1902ರ ಕೊನೆಯಲ್ಲಿ. ಮಾಂಸ, ಬೆಣ್ಣೆ ಕೆಡದ ಹಾಗೆ ಬೋರಾಕ್ಸ್, ಸ್ಯಾಲಿಸಿಲಿಕ್ ಆಮ್ಲ, ಬೆಂಜೋಯೇಟ್, ಹಾಲಿಗಾದರೆ ಫಾರ್ಮಾಲ್ಡಿಹೈಡ್ ಕೂಡ ಸೇರಿಸುವ ಪದ್ಧತಿ ಆಗ ಎಲ್ಲೆಡೆ ಇತ್ತು. ಇವು ನಿರಪಾಯಕಾರಿ ಎಂದು ಸೇರಿಸುವವರು ಹೇಳುತ್ತಿದ್ದರು. ವೈಲಿ ಸಂಸತ್ತಿನಿಂದ 5,000 ಡಾಲರ್ ಪಡೆದು, ಇಲಾಖೆಯ ಕಟ್ಟಡದ ನೆಲಮಾಳಿಗೆಯಲ್ಲಿ ಅಡುಗೆಮನೆ, ಊಟದ ಕೋಣೆ ಮಾಡಿಸಿದರು. ಹನ್ನೆರಡು ಮಂದಿ ಗಟ್ಟಿಮುಟ್ಟಾದ ತರುಣರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಮುಂದೆ ಬಂದರು. ಮೂರು ಹೊತ್ತೂ ಅಲ್ಲಿಯೇ ಊಟ, ಹೊರಗೆ ಏನೂ ತಿನ್ನುವ ಹಾಗಿಲ್ಲ. ದಿನವೂ ತೂಕ, ಮಲಮೂತ್ರಗಳ ಲೆಕ್ಕ. ಊಟ ಪುಕ್ಕಟೆ ಎಂಬುದೇ ಅವರಿಗೆ ಸಿಕ್ಕ ಸಂಬಳ. ಪತ್ರಿಕೆಯವರು ಈ ಪಂಕ್ತಿಗೆ ಪಾಯ್ಸನ್ ಸ್ಕ್ವಾಡ್, ಅಂದರೆ ವಿಷದ ಪಡೆ, ಎಂದು ಹೆಸರಿಟ್ಟರು. ಅವರ ಮೇಲೆ ಹಾಡು ಕಟ್ಟಿದರು.

ಮೊದಲು ಬೋರಾಕ್ಸನ್ನು ಬೆಣ್ಣೆಯಲ್ಲಿ ಬಚ್ಚಿಟ್ಟು ಕೊಟ್ಟರು. ಕೆಲವು ದಿನಗಳಲ್ಲಿ ಹುಡುಗರು ಬೆಣ್ಣೆ ಮುಟ್ಟುವುದನ್ನು ಬಿಟ್ಟರು. ಬೇರೆ ಪದಾರ್ಥಗಳಿಗೆ ಬದಲಿಸಿದಾಗ ಅವನ್ನೂ ಬಿಡತೊಡಗಿದರು. ಯಾವುದರಲ್ಲಿದೆ ಎಂಬ ಗುಮಾನಿ ಬಂದರೆ ಸಾಕು, ಕೈ ಹಿಂದೆ ಸರಿಯುತ್ತಿತ್ತು. ಕೊನೆಗೆ ಬಚ್ಚಿಡುವ ಆಟ ಬಿಟ್ಟು ಕ್ಯಾಪ್ಸೂಲ್‌ನಲ್ಲಿ ತುಂಬಿ ಎದುರಿಗೇ ಕೊಟ್ಟರು. ದಿನಗಳೆದಂತೆ ತಲೆನೋವು, ಹೊಟ್ಟೆನೋವು, ಊಟ ಸೇರದಿರುವುದು ಕಂಡುಬಂತು. ಬೇರೆ ಸಂರಕ್ಷಕಗಳ ಪರೀಕ್ಷೆ ಸೇರಿ ಇಡೀ ಕೆಲಸ ಐದು ವರ್ಷ ನಡೆಯಿತು.

ತರಗತಿಯಲ್ಲಿ ಇಲ್ಲಿ ಕಥೆ ನಿಲ್ಲಿಸಿ, ಈ ಪ್ರಯೋಗದಲ್ಲಿ ಕೊರತೆ ಏನು ಎಂದು ಮಕ್ಕಳನ್ನೇ ಕೇಳಬೇಕು. ಮರೋಳದ ಒಂಬತ್ತನೆಯ ತರಗತಿಯವರು ನಾಲ್ಕೇ ನಿಮಿಷದಲ್ಲಿ ಎರಡು ಹೇಳಿದರು. ಹನ್ನೆರಡೂ ಜನ ಗಟ್ಟಿ ಹುಡುಗರು. ಕೂಸುಗಳಿಗೆ, ಬಸುರಿಯರಿಗೆ, ಮುದುಕರಿಗೆ ಏನಾಗುತ್ತದೆ ಎಂದು ಇದರಿಂದ ತಿಳಿಯುವುದಿಲ್ಲ. ವಿಷ ತಿನ್ನುತ್ತಿದ್ದೇನೆ ಎಂದು ಗೊತ್ತಿದ್ದರೆ ಹೊಟ್ಟೆ ತಾನೇ ನೋಯುತ್ತದೆ. ಮೂರನೆಯದಕ್ಕೆ ಸ್ವಲ್ಪ ಸುಳಿವು ಕೊಡಬೇಕಾಯಿತು: ಪ್ರತಿಯೊಬ್ಬನನ್ನೂ ಅವನ ಹಿಂದಿನ ಸ್ಥಿತಿಯೊಡನೆ ಹೋಲಿಸಿದರು, ಆದ್ದರಿಂದ ನಡುವೆ ನೆಗಡಿ ಜ್ವರ ಬಂದರೆ ಅದು ಬೋರಾಕ್ಸ್‌ನದೋ ಚಳಿಗಾಲದ್ದೋ ಬೇರ್ಪಡಿಸುವುದು ಕಷ್ಟ. ವೈಲಿಯವರ ಉದ್ದೇಶ ಒಳ್ಳೆಯದಿತ್ತು, ಬೋರಾಕ್ಸ್ ವಿಷಯದಲ್ಲಿ ಅವರ ತೀರ್ಮಾನವೂ ಸರಿಯಿತ್ತು. ಆದರೂ ಪ್ರಯೋಗ ಬಿಗಿಯಾಗಿರಲಿಲ್ಲ. ಒಳ್ಳೆಯ ಮನುಷ್ಯ ಮಾಡಿದ್ದೆಲ್ಲ ಒಳ್ಳೆಯ ಪುರಾವೆಯಲ್ಲ ಎಂಬ ಈ ಎಳೆಯನ್ನು ಕೈಬಿಡಬೇಡಿ, ಮುಂದೆ ಬೇಕಾಗುತ್ತದೆ.

ಆಹಾರಕ್ಕಿಂತ ಕೆಟ್ಟ ಸ್ಥಿತಿ ಔಷಧಗಳದ್ದು. ವೈದ್ಯರ ಚೀಟಿ ಇಲ್ಲದೆ, ಪತ್ರಿಕೆಯ ಜಾಹೀರಾತಿನ ಬಲದಿಂದಲೇ ಮಾರಾಟವಾಗುತ್ತಿದ್ದ ಬಾಟಲಿಗಳು ಮನೆಮನೆಯಲ್ಲಿದ್ದವು. ಹಲ್ಲು ಬರುವ ಕೂಸು ಅಳದಿರಲೆಂದು ತಾಯಂದಿರು ಕುಡಿಸುತ್ತಿದ್ದ ಮಿಸೆಸ್ ವಿನ್ಸ್‌ಲೋ ಹೆಸರಿನ ಸಿರಪ್ಪಿನಲ್ಲಿ ಮಾರ್ಫಿನ್ ಇತ್ತು. ಕೂಸು ಸುಮ್ಮನಾಗುತ್ತಿದ್ದುದು ನಿಜ. ಕೆಲವು ಮತ್ತೆ ಏಳಲೇ ಇಲ್ಲ. ಪೆರೂನಾ ಎಂಬ ಟಾನಿಕ್‌ನ ಕಾಲುಭಾಗಕ್ಕೂ ಹೆಚ್ಚು ಆಲ್ಕೋಹಾಲ್. ಸಾರಾಯಿ ಮುಟ್ಟೆವು ಎಂದು ಆಣೆ ಮಾಡಿದ ಮನೆಗಳಲ್ಲೂ ಅದು ಟಾನಿಕ್ಕಾಗಿ ಒಳಗೆ ಬಂದಿತ್ತು. ನಮ್ಮ ಇಳಕಲ್ಲಿನ ಮಹಾಂತ ಜೋಳಿಗೆಯಲ್ಲಿ ಬೀಡಿ, ಗುಟಕಾ, ಸಾರಾಯಿ ಚಟಗಳು ಬಿದ್ದವು. ಟಾನಿಕ್ ಎಂಬ ಹೆಸರು ಹೊತ್ತದ್ದನ್ನು ಜೋಳಿಗೆಗೆ ಹಾಕಬೇಕೆಂದು ಯಾರಿಗೆ ಹೊಳೆದೀತು?

1905ರ ಅಕ್ಟೋಬರ್‌ನಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಎಂಬ ಪತ್ರಕರ್ತರು ಕಾಲಿಯರ್ಸ್ ವಾರಪತ್ರಿಕೆಯಲ್ಲಿ ಈ ಬಾಟಲಿಗಳ ಒಳಗುಟ್ಟು ಬಯಲುಮಾಡುವ ಲೇಖನಮಾಲೆ ಆರಂಭಿಸಿದರು. ಮರುವರ್ಷ ಅಪ್ಟನ್ ಸಿಂಕ್ಲೇರ್ ಅವರ ಕಾದಂಬರಿ ಷಿಕಾಗೋದ ಮಾಂಸದ ಕಾರ್ಖಾನೆಗಳ ಹೊಲಸನ್ನು ದೇಶದ ಮುಂದಿಟ್ಟಿತು. ಆದರೆ ಇಷ್ಟರಿಂದಲೇ ಕಾನೂನು ಬರುತ್ತಿರಲಿಲ್ಲ ಎಂದು ನನ್ನ ಎಣಿಕೆ. ಊರೂರಿನ ಮಹಿಳಾ ಸಂಘಗಳು ವೈಲಿಯವರನ್ನು ಕರೆಸಿ ಭಾಷಣ ಕೇಳಿ, ತಮ್ಮ ಪ್ರತಿನಿಧಿಗಳಿಗೆ ಕಾಗದ ಬರೆದು ಬೆನ್ನುಹತ್ತಿದವು. ಆಗ ಅವರಲ್ಲಿ ಬಹುಪಾಲು ಹೆಂಗಸರಿಗೆ ಮತದಾನದ ಹಕ್ಕೂ ಇರಲಿಲ್ಲ. ಮಾರುಕಟ್ಟೆಯಿಂದ ಮನೆಗೆ ಬರುವ ವಸ್ತುವಿನ ಬಗ್ಗೆ ಮೊದಲು ಎಚ್ಚೆತ್ತವರು ಅವರೇ. ನಮ್ಮ ಹಳ್ಳಿಗಳ ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಒಂದು ಡಬ್ಬಿಯ ಚೀಟಿ ಓದುವ ಅಭ್ಯಾಸ ಬಂದರೆ ಶಾಲೆಯ ನಲವತ್ತು ನಿಮಿಷಕ್ಕಿಂತ ದೂರ ಹೋಗುತ್ತದೆ.

1906ರ ಜೂನ್ 30ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾನೂನಿಗೆ ಸಹಿ ಹಾಕಿದರು. ಆಲ್ಕೋಹಾಲ್, ಅಫೀಮು, ಮಾರ್ಫಿನ್, ಕೊಕೇನ್ ಮುಂತಾದವು ಇದ್ದರೆ ಬಾಟಲಿಯ ಮೇಲೆ ಬರೆಯಲೇಬೇಕು, ಸುಳ್ಳು ಚೀಟಿ ಹಚ್ಚಬಾರದು ಎಂದಾಯಿತು. ಮೊದಲ ಮೊಕದ್ದಮೆಗಳಲ್ಲಿ ಒಂದು 1908ರದು. ತಲೆನೋವಿನ ಔಷಧವೊಂದಕ್ಕೆ ಅದರ ಒಡೆಯ ಮೆದುಳಿನ ಆಹಾರ ಎಂಬ ಅರ್ಥ ಬರುವ ಹೆಸರಿಟ್ಟಿದ್ದ. ಒಳಗಿದ್ದದ್ದು ಅಸಿಟಾನಿಲೈಡ್, ಹೆಚ್ಚಾದರೆ ರಕ್ತ ಆಮ್ಲಜನಕವನ್ನು ಹೊರದ ಹಾಗೆ ಮಾಡುವ ರಾಸಾಯನಿಕ. ಮೆದುಳಿಗೆ ಅದರಲ್ಲಿ ಆಹಾರವೇನೂ ಇರಲಿಲ್ಲ. ದಂಡ 700 ಡಾಲರ್. ಆ ವ್ಯಾಪಾರದಲ್ಲಿ ಬಂದ ಲಾಭದ ಮುಂದೆ ಅದು ಚಿಲ್ಲರೆ ಕಾಸು. ಮೆದುಳಿಗೆ ಆಹಾರ ಎಂಬ ಮಾತನ್ನು ನೂರು ವರ್ಷದ ಮೇಲೂ ಮಕ್ಕಳು ತಂದ ಡಬ್ಬಿಯ ಮೇಲೆ ಬೇರೆ ಪದಗಳಲ್ಲಿ ಕಂಡೆವು.

ಕಾನೂನಿನಲ್ಲಿ ಒಂದು ದೊಡ್ಡ ತೂತು ಇತ್ತು. ಜಾನ್ಸನ್ ಎಂಬಾತ ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಬರೆದ ಔಷಧ ಮಾರುತ್ತಿದ್ದ. ಗುಣಪಡಿಸುವ ಶಕ್ತಿ ಅದಕ್ಕಿರಲಿಲ್ಲ. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಕಾನೂನು ಬಾಟಲಿಯ ಒಳಗೆ ಏನಿದೆ ಎಂಬ ಸುಳ್ಳನ್ನು ತಡೆಯುತ್ತದೆ, ಅದು ಏನು ಗುಣ ಮಾಡುತ್ತದೆ ಎಂಬ ಮಾತು ಇದರ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ಪದಾರ್ಥಗಳ ಪಟ್ಟಿ ಸರಿಯಿದ್ದರೆ ಸಾಕು, ಮೇಲೆ ಕ್ಯಾನ್ಸರ್ ವಾಸಿ ಎಂದು ಬರೆದುಕೊಳ್ಳಬಹುದು! ಮರುವರ್ಷ ಸಂಸತ್ತು ಶರ್ಲಿ ತಿದ್ದುಪಡಿ ತಂದು ಸುಳ್ಳು ಗುಣಗಾನವನ್ನೂ ಅಪರಾಧ ಮಾಡಿತು. ಆದರೆ ಮೋಸದ ಉದ್ದೇಶ ಇತ್ತೆಂದು ಸರಕಾರವೇ ರುಜುವಾತು ಮಾಡಬೇಕಿತ್ತು. ನಾನು ನಿಜವಾಗಿಯೂ ನಂಬಿದ್ದೆ ಎಂದು ಮಾರುವವನು ಕೈಮುಗಿದರೆ ಮೊಕದ್ದಮೆ ಬೀಳುತ್ತಿತ್ತು.

ಇದು ಬರಿಯ ಇತಿಹಾಸವಲ್ಲ. ನಮ್ಮಲ್ಲಿ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದ 54 ತೊಂದರೆಗಳನ್ನು ಪಟ್ಟಿಮಾಡಿ, ಅವನ್ನು ವಾಸಿ ಮಾಡುತ್ತೇವೆಂಬ ಔಷಧದ ಜಾಹೀರಾತನ್ನು ನಿಷೇಧಿಸಿದೆ. ಎತ್ತರ ಬೆಳೆಸುವುದೂ ಆ ಪಟ್ಟಿಯಲ್ಲಿದೆ. ಸಂತೆಯ ಆ ಹಸಿರು ಪುಡಿಯ ಚೀಲ ಈ ಪಟ್ಟಿಯ ಮುಂದೆ ನಿಲ್ಲುವಂಥದ್ದಲ್ಲ. ಆದರೆ ಹಾಲಿಗೆ ಹಾಕುವ ಪುಡಿ ಔಷಧವಲ್ಲ, ಆಹಾರ. ಅದಕ್ಕೆ ಬೇರೆ ಕಾನೂನು: 2006ರ ಆಹಾರ ಸುರಕ್ಷತೆ ಕಾಯ್ದೆ, ಅದರ ಕೆಳಗೆ 2018ರಲ್ಲಿ ಬಂದ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು ಹೆಲ್ತ್ ಡ್ರಿಂಕ್ ವಿಭಾಗದಿಂದ ತೆಗೆಯಲು ಹೇಳಿತು. ಹೆಲ್ತ್ ಡ್ರಿಂಕ್ ಎಂಬ ಜಾತಿಯೇ ಆಹಾರ ಕಾನೂನಿನಲ್ಲಿ ಇಲ್ಲ ಎಂಬುದು ಕಾರಣ. ಅಷ್ಟು ವರ್ಷ ನಾವೆಲ್ಲ ಬಳಸಿದ ಹೆಸರು ಕಾನೂನಿನ ಹೆಸರಾಗಿರಲೇ ಇಲ್ಲ.

ವೈಲಿಯವರ ಜೀವನದ ಅತ್ಯಂತ ಉಪಯುಕ್ತ ಭಾಗ ಅವರ ಸೋಲುಗಳು. ಬೆಂಜೋಯೇಟ್ ಮತ್ತು ಸ್ಯಾಕರಿನ್ ಹಾನಿಕರವೆಂದು ಅವರು ಹಟ ಹಿಡಿದರು. ಸ್ಯಾಕರಿನ್ ವಿಷಯ ಅಧ್ಯಕ್ಷರ ಎದುರಿಗೇ ಎತ್ತಿದರು. ರೂಸ್‌ವೆಲ್ಟರಿಗೆ ಅವರ ವೈದ್ಯರು ದಿನವೂ ಸ್ಯಾಕರಿನ್ ಕೊಡುತ್ತಿದ್ದರು! ಅಧ್ಯಕ್ಷರು ಸಿಟ್ಟಾಗಿ, 1908ರಲ್ಲಿ ಐರಾ ರೆಮ್ಸನ್ ಅವರ ಅಧ್ಯಕ್ಷತೆಯಲ್ಲಿ ವಿಜ್ಞಾನಿಗಳ ಮಂಡಳಿ ನೇಮಿಸಿದರು. ರೆಮ್ಸನ್ ಅವರದೇ ಪ್ರಯೋಗಾಲಯದಲ್ಲಿ ಸ್ಯಾಕರಿನ್ ಕಂಡುಹಿಡಿಯಲಾಗಿತ್ತು ಎಂಬುದನ್ನು ಮಕ್ಕಳಿಗೆ ಹೇಳಿ, ಆ ಮಂಡಳಿಯನ್ನು ನಂಬಬೇಕೇ ಎಂದು ಕೇಳಿ ನೋಡಿ. ಮಂಡಳಿ ಬೆಂಜೋಯೇಟನ್ನು ಪರೀಕ್ಷಿಸಿ, ಸಣ್ಣ ಪ್ರಮಾಣದಲ್ಲಿ ಅಪಾಯವಿಲ್ಲ ಎಂದಿತು. ಇತ್ತ ಹೈಂಜ್ ಕಂಪನಿ ಬೆಂಜೋಯೇಟ್ ಇಲ್ಲದ ಟೊಮ್ಯಾಟೊ ಸಾಸ್ ಮಾಡಿ, ವೈಲಿಯವರ ಪಕ್ಷ ವಹಿಸಿ, ಶುದ್ಧತೆಯನ್ನೇ ಮಾರಾಟದ ಮಾತಾಗಿಸಿಕೊಂಡಿತು. ಇಂದು ಸಾಸ್, ತಂಪು ಪಾನೀಯದ ಬಾಟಲಿಯ ಪಟ್ಟಿಯಲ್ಲಿ ಸಂರಕ್ಷಕ 211 ಎಂದು ಸಣ್ಣ ಅಕ್ಷರದಲ್ಲಿ ಇದ್ದರೆ ಅದು ಸೋಡಿಯಂ ಬೆಂಜೋಯೇಟ್. ಮಿತಿ ಹಾಕಿ ಬಿಟ್ಟಿದ್ದಾರೆ. ಪ್ರಮಾಣವನ್ನು ಕೇಳದೆ ವಿಷ ಎಂದು ಕೂಗುವುದೂ, ಪ್ರಮಾಣವನ್ನು ಹೇಳದೆ ಅಮೃತ ಎಂದು ಮಾರುವುದೂ ಒಂದೇ ತಕ್ಕಡಿಯ ಎರಡು ತಟ್ಟೆ.

ಇನ್ನು ಕೋಕಾ-ಕೋಲಾ ಮೊಕದ್ದಮೆ. 1909ರಲ್ಲಿ ಸರಕಾರ ಟೆನ್ನೆಸಿಯ ಚಾಟನೂಗಾದ ಹತ್ತಿರ ಆ ಪಾಕದ 40 ದೊಡ್ಡ, 20 ಸಣ್ಣ ಪೀಪಾಯಿಗಳನ್ನು ಜಪ್ತಿ ಮಾಡಿತು. ಅದರಲ್ಲಿನ ಕೆಫೀನ್ ಹಾನಿಕರ ಎಂಬುದು ವೈಲಿಯವರ ದೂರು. 1911ರಲ್ಲಿ ವಿಚಾರಣೆ ನಡೆಯಿತು. ಕಂಪನಿಯ ಕೈಯಲ್ಲಿ ಒಳ್ಳೆಯ ಪುರಾವೆ ಇರಲಿಲ್ಲ. ಹಾಗಾಗಿ ಹ್ಯಾರಿ ಹಾಲಿಂಗ್‌ವರ್ತ್ ಎಂಬ ಯುವ ಮನೋವಿಜ್ಞಾನಿಯನ್ನು ಹಣ ಕೊಟ್ಟು ನೇಮಿಸಿತು. ಆತ ಷರತ್ತು ಹಾಕಿದ: ಫಲಿತಾಂಶ ಏನೇ ಬರಲಿ ಪ್ರಕಟಿಸುತ್ತೇನೆ, ಅದನ್ನು ಜಾಹೀರಾತಿಗೆ ಬಳಸಬಾರದು. ಆಮೇಲೆ 16 ಮಂದಿಗೆ ಕ್ಯಾಪ್ಸೂಲ್ ಕೊಟ್ಟ. ಕೆಲವು ದಿನ ಕೆಫೀನ್, ಕೆಲವು ದಿನ ಬರಿಯ ಹಾಲಿನ ಸಕ್ಕರೆ. ಯಾವ ದಿನ ಯಾವುದು ಎಂದು ನುಂಗಿದವರಿಗೂ ಗೊತ್ತಿಲ್ಲ, ಅವರನ್ನು ಪರೀಕ್ಷಿಸಿ ಅಂಕ ಬರೆದುಕೊಂಡವರಿಗೂ ಗೊತ್ತಿಲ್ಲ. ಸಾಧಾರಣ ಪ್ರಮಾಣದ ಕೆಫೀನ್ ಹಾನಿ ಮಾಡಿದ್ದು ಕಾಣಲಿಲ್ಲ.

ನೋಡಿ, ಎಂಥ ಇಕ್ಕಟ್ಟು! ಜನರ ಹಿತಕ್ಕಾಗಿ ನಿಂತ ಸರಕಾರಿ ವಿಜ್ಞಾನಿಯ ಪ್ರಯೋಗಕ್ಕಿಂತ ಲಾಭಕ್ಕಾಗಿ ನಿಂತ ಕಂಪನಿ ದುಡ್ಡು ಕೊಟ್ಟು ಮಾಡಿಸಿದ ಪ್ರಯೋಗ ಹೆಚ್ಚು ಬಿಗಿಯಾಗಿತ್ತು. ದುಡ್ಡು ಯಾರದು ಎಂದು ಕೇಳಿ ಅಲ್ಲಿಗೇ ನಿಂತರೆ ಅರ್ಧ ವಿಚಾರ ಮಾತ್ರ ಆಗುತ್ತದೆ. ಯಾರೊಡನೆ ಹೋಲಿಸಿದರು, ಎಷ್ಟು ಜನ, ಗೊತ್ತಿದ್ದು ನುಂಗಿದರೇ, ವಿರುದ್ಧ ಫಲಿತಾಂಶ ಬಂದಿದ್ದರೂ ಪ್ರಕಟಿಸುತ್ತಿದ್ದರೇ ಎಂದೂ ಕೇಳಬೇಕು. ಡಬ್ಬಿಯ ಮೇಲೆ ವೈಜ್ಞಾನಿಕವಾಗಿ ಸಾಬೀತಾಗಿದೆ ಎಂದು ಬರೆದಿದ್ದರೆ ಈ ನಾಲ್ಕಕ್ಕೂ ಉತ್ತರ ಅದೇ ಡಬ್ಬಿಯ ಮೇಲೆ ಸಿಗುವುದು ಅಪರೂಪ. ಮೊಕದ್ದಮೆಯ ಕೊನೆ ಇಷ್ಟು: ಕೆಳಗಿನ ಕೋರ್ಟು ದೂರು ವಜಾ ಮಾಡಿತು, 1916ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು, ಕಂಪನಿ ಕೆಫೀನ್ ಪ್ರಮಾಣ ಇಳಿಸಿ ರಾಜಿಯಾಯಿತು.

ಇಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ. ಉತ್ಸಾಹದಲ್ಲಿ ಮಕ್ಕಳಿಗೆ ಗ್ಲೂಕೋಸ್ ನೀರು ಕುಡಿಸಿ ಓಡಿಸುವ ಪ್ರಯೋಗಕ್ಕೆ ಇಳಿಯಬೇಡಿ. ವೈಲಿಯವರ ಪಂಕ್ತಿಯಲ್ಲಿ ಕೂತವರು ವಯಸ್ಕರು, ಒಪ್ಪಿ ಸಹಿ ಹಾಕಿದವರು. ಪ್ರಯೋಗದ ಯೋಜನೆಯನ್ನು ಕಾಗದದ ಮೇಲೆ ಮಾಡಿಸಿದರೆ ಸಾಕು. ಮರೋಳದಲ್ಲಿ ಒಂದು ಗುಂಪು ಹಾಲಿನ ಪುಡಿ ಎತ್ತರ ಬೆಳೆಸುತ್ತದೆಯೇ ಎಂದು ಪರೀಕ್ಷಿಸುವ ಯೋಜನೆ ಬರೆಯಿತು. ಪುಡಿ ಇಲ್ಲದ ಬರೀ ಹಾಲು ಕುಡಿಯುವವರ ಗುಂಪು ಬೇಕು ಎಂದು ಅವರಿಗೆ ತಾನಾಗಿ ಹೊಳೆಯಿತು. ಎಂಟನೆಯ ತರಗತಿಯಿಂದ ಹತ್ತಕ್ಕೆ ಹೋಗುವಾಗ ಎಲ್ಲರೂ ಎತ್ತರವಾಗುತ್ತಾರಲ್ಲ, ಡಬ್ಬಿ ಅದನ್ನೇ ತನ್ನ ಲೆಕ್ಕಕ್ಕೆ ಬರೆದುಕೊಂಡರೆ ಏನು ಮಾಡುವುದು ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ವೀಕ್ಷಣಾ ವಹಿಯಲ್ಲಿ ಆ ಪ್ರಶ್ನೆಗೆ ಅಡಿಗೆರೆ ಹಾಕಿದ್ದೇನೆ.

ಆ ಮಕ್ಕಳಿಗೆ ಚೀಟಿ ಓದುವುದು ಹೊಸದಲ್ಲ ಎಂಬುದೂ ಅಲ್ಲಿಯೇ ತಿಳಿಯಿತು. ಹನಿ ನೀರಾವರಿ ಯೋಜನೆಯಿಂದಲೇ ಹೊರಗಿನವರಿಗೆ ಹೆಸರು ಗೊತ್ತಿರುವ ಊರದು. ಬೆಳೆಗೆ ಎಣ್ಣಿ ಹೊಡೆಯುವ ಮನೆಗಳ ಮಕ್ಕಳಿಗೆ ಡಬ್ಬಿಯ ಬಣ್ಣದ ತ್ರಿಕೋನ ಗೊತ್ತು: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಕಡಿಮೆ ವಿಷ. ವಿಷವೇ ಇಲ್ಲ ಎಂದಲ್ಲ. ಅದೇ ಹಸಿರು ಬಣ್ಣ ಬಿಸ್ಕತ್ತಿನ ಪೊಟ್ಟಣದ ಮೇಲೆ ಚುಕ್ಕೆಯಾಗಿ ಬಂದರೆ ಸಸ್ಯಾಹಾರ ಎಂದಷ್ಟೇ ಅರ್ಥ, ಆರೋಗ್ಯಕರ ಎಂದಲ್ಲ. 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ತಯಾರಕರಿಗೆ ಪರವಾನಗಿ ಇದೆ ಎಂದು ತಿಳಿಯುತ್ತದೆ, ಡಬ್ಬಿಯ ಗುಣಗಾನಕ್ಕೆ ಸರಕಾರ ಸಹಿ ಹಾಕಿದೆ ಎಂದಲ್ಲ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮ ತಿಳಿಸಿದ ಮೇಲೆ, ಹಾಲಿಗೆ ಹಾಕುವ ಪುಡಿಯ ಡಬ್ಬಿಯಲ್ಲಿ ಸಕ್ಕರೆ ಎರಡನೆಯ ಸ್ಥಾನದಲ್ಲಿದ್ದುದನ್ನು ಅವರೇ ಹುಡುಕಿ ಹೇಳಿದರು. ಹಸಿರು ಪುಡಿಯ ಚೀಲದಲ್ಲಿ ಪಟ್ಟಿಯೂ ಇರಲಿಲ್ಲ, ಪರವಾನಗಿ ಸಂಖ್ಯೆಯೂ ಇರಲಿಲ್ಲ, ತಯಾರಿಸಿದವರ ವಿಳಾಸವೂ ಇರಲಿಲ್ಲ. ಆ ವಾರವೇ ಆಶಾ ಕಾರ್ಯಕರ್ತೆಯ ಜೊತೆ ಅಜ್ಜಿಯನ್ನು ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಬಹಳ ಏರಿತ್ತು, ಗುಳಿಗೆ ಮತ್ತೆ ಶುರುವಾಯಿತು.

ವೈಲಿಯವರ ಕೊನೆಯ ಘಟ್ಟವನ್ನು ಬೇಗ ಹೇಳಿ ಮುಗಿಸಬಹುದು. ಸಲಹೆಗಾರರೊಬ್ಬರ ಸಂಬಳದ ನೆಪದಲ್ಲಿ ಅವರ ಮೇಲೆ ಆಪಾದನೆ ಬಂತು, ಅಧ್ಯಕ್ಷ ಟಾಫ್ಟ್ ಅವರನ್ನು ದೋಷಮುಕ್ತಗೊಳಿಸಿದರು. ಆದರೂ ಇಲಾಖೆಯ ಒಳಗೆ ಕೈ ಕಟ್ಟಿದ್ದರಿಂದ ಬೇಸತ್ತು 1912ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟರು. ಹಿಂದಿನ ವರ್ಷ, 66ನೆಯ ವಯಸ್ಸಿನಲ್ಲಿ, ಬಹಳ ಕಾಲ ಕಾದಿದ್ದ ಅನಾ ಕೆಲ್ಟನ್ ಅವರನ್ನು ಮದುವೆಯಾಗಿದ್ದರು. ಮತದಾನದ ಹಕ್ಕಿಗಾಗಿ ಹೋರಾಡಿದ ಆಕೆಯ ಕಥೆ ಬೇರೆ ಪಾಠಕ್ಕಾದೀತು. ರಾಜೀನಾಮೆಯ ನಂತರ ವೈಲಿ ಗುಡ್ ಹೌಸ್‌ಕೀಪಿಂಗ್ ಎಂಬ ಮಹಿಳಾ ಪತ್ರಿಕೆಯ ಪರೀಕ್ಷಾ ವಿಭಾಗ ಸೇರಿದರು. ಅವರು ಒಪ್ಪದ ವಸ್ತುವಿನ ಜಾಹೀರಾತು ಆ ಪತ್ರಿಕೆಯಲ್ಲಿ ಬರುವಂತಿರಲಿಲ್ಲ. ಓದುಗರಿಗೆ ಒಳ್ಳೆಯದೇ ಆಯಿತು. ಆದರೆ ಜಾಹೀರಾತಿನ ಹಣದಿಂದ ನಡೆಯುವ ಪತ್ರಿಕೆಯೇ ಜಾಹೀರಾತುದಾರರ ವಸ್ತುವಿಗೆ ಮೆಚ್ಚುಗೆಯ ಮುದ್ರೆ ಒತ್ತುವುದು ಎಷ್ಟು ಸರಿ ಎಂದು ನನಗೆ ಈಗಲೂ ಅನುಮಾನ. ಅದೇ ಅನುಮಾನ ನಮ್ಮ ವೃತ್ತಿಯ ಕಡೆಗೂ ತಿರುಗುತ್ತದೆ. ಸರಪಳಿ ಮಾರಾಟದ ಪೌಷ್ಟಿಕ ಪುಡಿಗಳನ್ನು ಶಿಕ್ಷಕರ ಕೋಣೆಯಲ್ಲಿ ಶಿಕ್ಷಕರೇ ಮಾರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಸರ್ ಹೇಳ್ಯಾರ ಎಂಬ ಮಾತು ಹಳ್ಳಿಯಲ್ಲಿ ಯಾವ ಚೀಟಿಗಿಂತಲೂ ಹೆಚ್ಚು ಮಾರುತ್ತದೆ.

1930ರ ಜೂನ್ 30ರಂದು, ತಮ್ಮ ಕಾನೂನಿಗೆ 24 ತುಂಬಿದ ದಿನವೇ, ಅವರು ತೀರಿಕೊಂಡರು. ಆರ್ಲಿಂಗ್ಟನ್‌ನಲ್ಲಿ ಸಮಾಧಿಯಿದೆ. ಅದೇ ವರ್ಷ ನಮ್ಮ ದೇಶದಲ್ಲಿ ಕಲಬೆರಕೆ ಔಷಧಗಳ ವಿಚಾರಣೆಗೆ ಕರ್ನಲ್ ರಾಮನಾಥ ಚೋಪ್ರಾ ಅವರ ಸಮಿತಿ ನೇಮಕವಾಯಿತು. ಅದರ ವರದಿಯ ಫಲವಾಗಿ 1940ರ ಔಷಧ ಕಾಯ್ದೆ ಬಂತು. ಅಮೆರಿಕದಲ್ಲಿ ಹಳೆಯ ಕಾನೂನಿನ ತೂತು ಮುಚ್ಚಲು ಮಾತ್ರ ಸಾವುಗಳೇ ಬೇಕಾದವು. 1937ರಲ್ಲಿ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ ಸಲ್ಫಾ ಔಷಧ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಬಹಳ. ಅದನ್ನು ಮಾರಾಟದ ಮೊದಲು ಯಾರೂ ಪರೀಕ್ಷಿಸಿರಲಿಲ್ಲ, ಪರೀಕ್ಷಿಸಬೇಕೆಂಬ ಕಾನೂನೂ ಇರಲಿಲ್ಲ. ಅಧಿಕಾರಿಗಳು ಬಾಟಲಿಗಳನ್ನು ಜಪ್ತಿ ಮಾಡಿದ್ದು ಹೆಸರಿನ ಮೇಲೆ: ಎಲಿಕ್ಸಿರ್ ಎಂದು ಬರೆದರೆ ಒಳಗೆ ಆಲ್ಕೋಹಾಲ್ ಇರಬೇಕು, ಇದರಲ್ಲಿ ಇರಲಿಲ್ಲ. ಮುಂದಿನ ವರ್ಷವೇ ಹೊಸ ಕಾನೂನು ಬಂತು.

ಒಂದು ಅವಧಿಯಲ್ಲಿ ಇಷ್ಟೂ ಹೇಳಲಾಗದು. ಸಮಯ ಸಾಲದಿದ್ದರೆ ಸೈಕಲ್ಲಿನ ಪ್ರಸಂಗ, ಮದುವೆ, ರಾಜೀನಾಮೆ ಬಿಡಬಹುದು. ಬೆಣ್ಣೆಯಲ್ಲಿ ಬಚ್ಚಿಟ್ಟ ಬೋರಾಕ್ಸ್ ಮತ್ತು ಹಾಲಿಂಗ್‌ವರ್ತ್‌ನ ಕ್ಯಾಪ್ಸೂಲ್ ಎರಡನ್ನೂ ಉಳಿಸಿಕೊಳ್ಳಿ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಹೇಳಿ. ಪೊಟ್ಟಣಗಳನ್ನು ಹಿಂದಿನ ದಿನವೇ ತರಿಸಿ ಒಮ್ಮೆ ನೀವೇ ಓದಿಕೊಳ್ಳಿ. ಸಣ್ಣ ಅಕ್ಷರಕ್ಕೆ ಭೂತಗನ್ನಡಿ ಬೇಕಾಗುತ್ತದೆ, ವಿಜ್ಞಾನದ ಕಪಾಟಿನಲ್ಲಿ ಇರುತ್ತದೆ.